ನಡುವೆ ಬಂದವಳು

ಮೇಕಪ್ ಕೋಣೆಯ ಕನ್ನಡಿಯ ಸುತ್ತ ಇದ್ದ ಬಲ್ಬುಗಳಲ್ಲಿ ಮೂರು ಸುಟ್ಟುಹೋಗಿದ್ದವು. ಮೂರೂ ಒಂದೇ ಪಕ್ಕದವು, ಹಾಗಾಗಿ ಅವಳ ಮುಖದ ಅರ್ಧ ಬೇರೆ ಯಾರದೋ ಹಾಗೆ ಕಾಣುತ್ತಿತ್ತು. ಮೇಕಪ್ಪಿನವನು ಹುಬ್ಬಿಗೆ ಕಪ್ಪು ತೀಡುತ್ತ, "ಸ್ವಲ್ಪ ಗಟ್ಟಿಯಾಗೇ ಎಳೀತೀನಿ ಅತ್ತೆಮ್ಮ, ಈಗ ನೀವು ಕೆಟ್ಟೋರಲ್ವಾ" ಅಂದು ತನ್ನ ಮಾತಿಗೆ ತಾನೇ ನಕ್ಕ. ಅವಳೂ ನಗಬೇಕಾಯಿತು. ಧಾರಾವಾಹಿಯಲ್ಲಿ ಅವಳು ಮೂವರು ಸೊಸೆಯಂದಿರ ಅತ್ತೆ. ಏಳು ವರ್ಷದಲ್ಲಿ ಅದು ಹೊರಗೂ ಅಂಟಿಕೊಂಡು, ಹಾಲಿನ ಅಂಗಡಿಯವನಿಗೂ ಬ್ಯಾಂಕಿನ ಗುಮಾಸ್ತೆಗೂ ಅವಳು ಅತ್ತೆಮ್ಮ. ಸ್ವಂತ ಹೆಸರು ಹಿಡಿದು ಯಾರಾದರೂ ಕೂಗಿದರೆ ತಿರುಗುವುದಕ್ಕೆ ಒಂದು ಕ್ಷಣ ತಡವಾಗುತ್ತದೆ. ಮಡಿಲಲ್ಲಿ ಇವತ್ತಿನ ದೃಶ್ಯದ ಹಾಳೆಗಳಿದ್ದವು. ಆರು ಹಾಳೆ. ಎರಡು ತಿಂಗಳ ಹಿಂದೆ ಒಂದೂ ಇರುತ್ತಿರಲಿಲ್ಲ. ನಾಲ್ಕನೆಯ ಹಾಳೆಯ ಕೊನೆಯ ಸಾಲನ್ನು ಅವಳು ಆಗಲೇ ಓದಿದ್ದಳು, ಓದಿ ಹಾಳೆಯನ್ನು ಮಗುಚಿಟ್ಟಿದ್ದಳು. ಮಗುಚಿಟ್ಟರೂ ಅಕ್ಷರಗಳು ಹಿಂದಿನಿಂದ ಒತ್ತಿ ಕಾಣುತ್ತಿದ್ದವು: ಅತ್ತೆ ಮತ್ತೆ ಅವಳ ಕೆನ್ನೆಗೆ ಬಾರಿಸುತ್ತಾಳೆ. ಈ ಸಲ ಇನ್ನೂ ಜೋರಾಗಿ.

ಮೊದಲು ಈ ಕಥೆ ಅವಳದಾಗಿತ್ತು. ಮೊದಲನೆಯ ಸಂಚಿಕೆ ಅವಳ ದನಿಯಿಂದಲೇ ಶುರುವಾಗಿತ್ತು: ಗಂಡ ಸತ್ತ ಹೆಂಗಸೊಬ್ಬಳು ಮೂವರು ಗಂಡುಮಕ್ಕಳನ್ನು ಕಟ್ಟಿಕೊಂಡು ಪುಸ್ತಕಗಳಿಗೆ ಹೊಲಿಗೆ ಹಾಕುವ ಅಂಗಡಿ ನಡೆಸುತ್ತಾಳೆ. ಅದಕ್ಕಾಗಿ ಅವಳು ನಿಜವಾದ ಒಂದು ಅಂಗಡಿಗೆ ಹೋಗಿ ಹದಿನೈದು ದಿನ ಕೂತು ದಬ್ಬಳ ಹಿಡಿಯುವುದನ್ನು, ದಾರಕ್ಕೆ ಮೇಣ ಸವರುವುದನ್ನು ಕಲಿತಿದ್ದಳು. ಆರಂಭದ ಹಾಡಿನಲ್ಲಿ ಅವಳ ಮುಖ ನಡುವೆ, ಮಕ್ಕಳು ಸೊಸೆಯಂದಿರು ಸುತ್ತ. ಆರನೆಯ ವರ್ಷ ನೋಡುವವರು ಕಡಿಮೆಯಾದರು ಅಂತ ಯಾರೋ ಎಲ್ಲಿಂದಲೋ ಹೇಳಿದರು. ಬರೆಯುವವನು, ಯಾವಾಗಲೂ ಹೊಟ್ಟೆನೋವಿನ ಮುಖದ ಸಣಕಲು ಮನುಷ್ಯ, ಅವಳ ಪಕ್ಕ ಬಂದು ಕೂತು, "ಮೂರು ವಾರದ ಪಾತ್ರ ಅತ್ತೆಮ್ಮ, ಬಂದು ಹೋಗ್ತಾಳೆ ಅಷ್ಟೇ" ಅಂದಿದ್ದ. ಮಳೆಯಲ್ಲಿ ನೆನೆದ ಒಬ್ಬ ಹುಡುಗಿ ಅಂಗಡಿಯ ಬಾಗಿಲಲ್ಲಿ ನಿಂತಿರುತ್ತಾಳೆ, ಅವಳಿಗೆ ಮಾತು ಬರುವುದಿಲ್ಲ. ಅತ್ತೆಯೇ ಅವಳನ್ನು ಒಳಗೆ ಕರೆದು ಒಣ ಬಟ್ಟೆ ಕೊಡಬೇಕು. ಕೊಟ್ಟಳು. ಬಕೆಟ್ಟಿನ ನೀರು ಸುರಿಸಿಕೊಂಡು ಗಡಗಡ ನಡುಗುತ್ತಿದ್ದ ಇಪ್ಪತ್ತೆರಡರ ಆ ಹುಡುಗಿಗೆ ನಿಜವಾಗಿಯೂ ಚಳಿ ಹತ್ತಿದೆಯಲ್ಲ ಅನ್ನಿಸಿ, ಚಿತ್ರೀಕರಣ ಮುಗಿದ ಮೇಲೂ ಟವೆಲ್ಲಿನಿಂದ ತಲೆ ಒರೆಸಿದ್ದಳು. ಅದನ್ನು ಈಗ ನೆನೆದರೆ ಯಾರೋ ಬೇರೆ ಹೆಂಗಸು ಒರೆಸಿದ ಹಾಗೆ ಅನ್ನಿಸುತ್ತದೆ.

ಮೂರು ವಾರ ಮೂರು ತಿಂಗಳಾಯಿತು. ಸೆಟ್ಟಿನಲ್ಲಿ ಎಲ್ಲರೂ ಆ ಹುಡುಗಿಯನ್ನು ಪ್ರೀತಿಯಿಂದಲೇ ಮೂಗಿ ಅಂತ ಕರೆಯತೊಡಗಿದರು. ಕ್ಯಾಮೆರಾ ನಿಂತ ಕೂಡಲೇ ಅರಳು ಹುರಿದ ಹಾಗೆ ಮಾತಾಡುವ ಹುಡುಗಿ ಅವಳು. ಏನು ನಡೆಯುತ್ತಿದೆ ಅಂತ ಅತ್ತೆಮ್ಮನಿಗೆ ಅರ್ಥವಾಗುವುದಕ್ಕೆ ಸಾಕಷ್ಟು ದಿನ ಹಿಡಿಯಿತು. ಮಾತು ಬಾರದವಳ ಮುಂದೆ ಉಳಿದವರು ಮಾತಾಡಲೇಬೇಕಲ್ಲ. ದೊಡ್ಡ ಮಗ ತನ್ನ ಸಂಕಟವನ್ನು ತಾಯಿಗೆ ಹೇಳುತ್ತಿದ್ದವನು ಮೂಗಿಗೆ ಹೇಳತೊಡಗಿದ. ಸೊಸೆಯರು ಅತ್ತೆಯ ಹತ್ತಿರ ಜಗಳವಾಡುವುದನ್ನು ಬಿಟ್ಟು ಮೂಗಿಯ ಹೆಗಲಿಗೆ ಒರಗಿ ಅತ್ತರು. ಮನೆಯ ಗುಟ್ಟೆಲ್ಲ ಇಳಿಜಾರಿನ ನೀರಿನ ಹಾಗೆ ಅವಳ ಕಡೆಗೇ ಹರಿಯಿತು. ಅವಳು ದೊಡ್ಡ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು, ಅಷ್ಟೇ. ಕ್ಯಾಮೆರಾಕ್ಕೆ ಅಷ್ಟೇ ಸಾಕಾಗಿತ್ತು. ಅತ್ತೆಯ ಹಾಳೆಗಳು ಎಂಟರಿಂದ ನಾಲ್ಕಕ್ಕೆ, ನಾಲ್ಕರಿಂದ ಒಂದಕ್ಕೆ ಬಂದವು. ಒಂದು ದಿನ ಅವಳ ಪಾಲಿಗೆ "ಹೂಂ" ಅನ್ನುವ ಒಂದೇ ಮಾತಿತ್ತು. ಅದನ್ನು ಹೇಗೆ ಹೇಳಬೇಕು ಅಂತ ಅವಳು ಬೆಳಗಿನಿಂದ ಯೋಚಿಸಿ, ಮೂರು ಬಗೆಯಲ್ಲಿ ಹೇಳಿ ನೋಡಿಕೊಂಡು ಕಾದಿದ್ದರೆ, ಮಧ್ಯಾಹ್ನ ನಿರ್ದೇಶಕ ಬಂದು, "ಅದು ಬೇಡ ಬಿಡಿ ಅತ್ತೆಮ್ಮ, ಸುಮ್ಮನೆ ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಳ್ಳಿ, ಫ್ರೇಮ್ ತುಂಬುತ್ತೆ" ಅಂದ. ಅವಳು ನಿಂತಳು. ಬಾಗಿಲುವಾಡದ ಮರ ಮರವಲ್ಲ, ಬಣ್ಣ ಬಳಿದ ರಟ್ಟು, ಒರಗಿದರೆ ಬಾಗುತ್ತದೆ. ನಾಲ್ಕು ಗಂಟೆ ಒರಗದೆ ನಿಂತಿದ್ದಳು. ಹಾಡಿನಲ್ಲೂ ಮುಖಗಳು ಜಾಗ ಬದಲಾಯಿಸಿದವು. ನಡುವೆ ಮೂಗಿ, ಅವಳು ಮೂಲೆಯಲ್ಲಿ ಎರಡನೆಯ ಸೊಸೆಯ ಕಿವಿಯೋಲೆಯ ಹಿಂದೆ.

ಮನೆಯಲ್ಲಿ ಗಂಡ ಕಿಟಕಿಯ ಪಕ್ಕದ ಮೇಜಿನಲ್ಲಿ ಈಗಲೂ ನೆರೆಯವರ ಗಡಿಯಾರ ಬಿಚ್ಚಿಕೊಂಡು ಕೂರುತ್ತಾನೆ. ಸಂಜೆ ಏಳಕ್ಕೆ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆದಿಟ್ಟು ಟೀವಿ ಹಾಕುತ್ತಾನೆ. ಏಳು ವರ್ಷ ಒಂದು ಸಂಚಿಕೆಯನ್ನೂ ಬಿಟ್ಟವನಲ್ಲ. ಒಂದು ಸಂಜೆ ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಾಗ, ಪರದೆಯಿಂದ ಕಣ್ಣು ತೆಗೆಯದೆ, "ಈ ಹುಡುಗಿ ಬಂದ್ಮೇಲೆ ನೋಡೋ ಹಾಗಾಗಿದೆ ಕಣೇ" ಅಂದ. ಅವನಿಗೆ ಕೆಟ್ಟ ಉದ್ದೇಶವಿರಲಿಲ್ಲ. ಅವನಿಗೆ ಯಾವತ್ತೂ ಕೆಟ್ಟ ಉದ್ದೇಶವಿರುವುದಿಲ್ಲ, ಅದೇ ತೊಂದರೆ. ಮುಂದಿನ ಸಂಚಿಕೆಯಲ್ಲಿ ಏನು ಅಂತ ಕೇಳಿದ, ಮೂಗಿಗೆ ಮಾತು ಬರುತ್ತಾ ಅಂತ ಕೇಳಿದ. ಅಂಗಿಯ ತೋಳನ್ನು ಅವಳು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಮಡಿಸಿದಳು.

ಮರುದಿನ ಬೆಳಿಗ್ಗೆಯೇ ಅದು ಆದದ್ದು. ಎರಡು ತಿಂಗಳ ಹಿಂದಿನ ಒಂದು ಮಂಗಳವಾರ ಇದೇ ಕೋಣೆಯಲ್ಲಿ ಹುಡುಗಿ ಹಿಂದಿನಿಂದ ಬಂದು, ಅವಳ ಹೆಗಲ ಮೇಲೆ ಗದ್ದವಿಟ್ಟು, ಕನ್ನಡಿಯಲ್ಲಿ ನೋಡುತ್ತ ಹೇಳಿದ್ದಳು: "ಅತ್ತೆಮ್ಮ, ನಿಮಗೆ ತುಂಬಾ ಕಮ್ಮಿ ಡೈಲಾಗ್ ಕೊಡ್ತಿದಾರೆ. ನಂಗೇ ಬೇಜಾರಾಗುತ್ತೆ. ನಾನು ಹೇಳ್ತೀನಿ ಅವರಿಗೆ, ನನ್ ಮಾತು ಕೇಳ್ತಾರೆ ಈಗ." ಬೇರೆ ಯಾರಾದರೂ ಆಗಿದ್ದರೆ ಬಾಚಿ ತಬ್ಬಿಕೊಳ್ಳುತ್ತಿದ್ದರು. ಅವಳಿಗೆ ಕಿವಿಯಿಂದ ಕತ್ತಿನವರೆಗೆ ಬಿಸಿ ಇಳಿಯಿತು. ನಲವತ್ತು ವರ್ಷ ನಾಟಕದ ಮರದ ಹಲಗೆಗಳ ಮೇಲೆ ನಿಂತು ಗಂಟಲು ಹರಿದುಕೊಂಡದ್ದು ಈ ಪುಟ್ಟ ಕೈ ಹಾಕುವ ಭಿಕ್ಷೆಗೋ ಅನ್ನಿಸಿತು. "ಒಳ್ಳೇದಮ್ಮ" ಅಂದಳು. ಹುಡುಗಿ ನಿಜವಾಗಿಯೂ ಹೇಳಿದಳು. ಹೇಳಿದ್ದರಿಂದಲೇ ಆ ಮಧ್ಯಾಹ್ನ ಅತ್ತೆಗೆ ಒಂದು ದೃಶ್ಯ ಸಿಕ್ಕಿತು: ಅಂಗಡಿಯ ಬೀಗದ ಕೈ ಕಳೆದಿದೆ, ಅತ್ತೆ ಮೂಗಿಯ ಮೇಲೆ ಅನುಮಾನಪಟ್ಟು ಕೆನ್ನೆಗೆ ಹೊಡೆಯುತ್ತಾಳೆ.

ಹೊಡೆಯುವುದು ಸುಳ್ಳು. ಕೈ ಕೆನ್ನೆಯಿಂದ ಒಂದು ಗೇಣು ಆಚೆ ಹಾದುಹೋಗಬೇಕು, ಎದುರಿನವರು ಅದೇ ಹೊತ್ತಿಗೆ ಮುಖ ತಿರುಗಿಸಬೇಕು, ಸದ್ದನ್ನು ಆಮೇಲೆ ಸೇರಿಸುತ್ತಾರೆ. ಅವಳು ತನ್ನ ಕಾಲದಲ್ಲಿ ಕನಿಷ್ಠ ಮೂವತ್ತು ಜನಕ್ಕೆ ಹಾಗೆ ಹೊಡೆದಿದ್ದಾಳೆ, ಯಾರಿಗೂ ಗಾಳಿ ಕೂಡ ತಾಕಿಲ್ಲ. ಅವತ್ತು ಅಂಗೈ ಪೂರ್ತಿ ತಾಕಿತು. ಚಟ್ ಅನ್ನುವ ಆ ಸದ್ದಿಗೆ ದೀಪ ಹಿಡಿದವರು ಕೂಡ ತಲೆಯೆತ್ತಿದರು. ಕೈ ಜಾರಿತು ಅಂತ ಆಮೇಲೆ ಅವಳು ಹೇಳಿದಳು, ಎಲ್ಲರೂ ನಂಬಿದರು. ಆದರೆ ಕೈ ಜಾರುವುದಕ್ಕೆ ಮುಂಚಿನ ಆ ಒಂದು ಕ್ಷಣ ಅವಳ ಬಳಿಯೇ ಇದೆ. ದೂರ ಎಷ್ಟಿದೆ ಅಂತ ಅವಳಿಗೆ ಗೊತ್ತಿತ್ತು. ಒಂದು ಹೆಜ್ಜೆ ಮುಂದೆ ಇಟ್ಟಿದ್ದೇನೆ ಅಂತಲೂ ಗೊತ್ತಿತ್ತು. ಹುಡುಗಿ ಎಡಗಿವಿ ಮುಚ್ಚಿಕೊಂಡು ಕುಸಿದಳು, ಕಣ್ಣಲ್ಲಿ ನೀರು ತುಂಬಿತು, ಆದರೂ ಬಾಯಿ ತೆರೆಯಲಿಲ್ಲ, ಯಾಕೆಂದರೆ ಕ್ಯಾಮೆರಾ ಓಡುತ್ತಿತ್ತು ಮತ್ತು ಅವಳು ಮೂಗಿಯಾಗಿದ್ದಳು. "ಅಬ್ಬಬ್ಬಾ!" ಅಂತ ನಿರ್ದೇಶಕ ಕುರ್ಚಿಯಿಂದ ಎದ್ದು ಬಂದ. "ಇದು ಕಣ್ರೀ ನಟನೆ ಅಂದ್ರೆ! ಇಬ್ಬರೂ!"

ಆ ಸಂಜೆಯಿಂದ ಅವಳ ಹಾಳೆಗಳು ಮತ್ತೆ ಬೆಳೆದವು. ತರಕಾರಿ ಅಂಗಡಿಯಲ್ಲಿ ಒಬ್ಬ ಮುದುಕಿ ಅವಳ ರಟ್ಟೆ ಹಿಡಿದು, "ನಿಂಗೆ ಒಳ್ಳೇದಾಗಲ್ಲ ನೋಡು, ಮಾತು ಬಾರದ ಮಗೂನ ಹೊಡೀತೀಯಾ" ಅಂತ ಬೈದಳು, ಬೈದು ಮುಗಿಸಿ ಜೊತೆಗೊಂದು ಫೋಟೋ ತೆಗೆಸಿಕೊಂಡಳು. ಮನೆಯಲ್ಲಿ ಗಂಡ ಆ ದೃಶ್ಯ ಬಂದಾಗ ಟೀವಿಯ ಸದ್ದು ಕಡಿಮೆ ಮಾಡಿದ. "ಆ ಏಟು ನಾನು ಮುಂಚೆ ನೋಡಿದೀನಿ" ಅಂದ. ಯಾವ ಏಟು ಅಂತ ಅವಳು ಕೇಳಬೇಕಾಗಿರಲಿಲ್ಲ. ಅವನ ಅಕ್ಕನ ಮಗಳು ಒಂಬತ್ತು ವರ್ಷದವಳಿದ್ದಾಗ ಓದುವುದಕ್ಕೆಂದು ಇವರ ಮನೆಗೆ ಬಂದಿದ್ದಳು. ಮಕ್ಕಳಿಲ್ಲದ ಮನೆ. ಅವಳನ್ನು ಜಗತ್ತಿನಲ್ಲಿ ಮೊಟ್ಟಮೊದಲು ಅತ್ತೆ ಅಂತ ಕರೆದದ್ದು ಆ ಮಗು. ಗಂಡ ಅದಕ್ಕೆ ಗಡಿಯಾರದ ಮುಳ್ಳು ಕೂರಿಸುವುದನ್ನು ಕಲಿಸಿದ. ಇಬ್ಬರೂ ಮೇಜಿನ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಕೂತು ನಗುತ್ತಿದ್ದರು, ಇವಳು ತಟ್ಟೆ ತೊಳೆಯುತ್ತ ಆ ನಗುವಿಗೆ ಬೆನ್ನು ಹಾಕಿರುತ್ತಿದ್ದಳು. ಒಂದು ಮಧ್ಯಾಹ್ನ ಮಗು ಏನೋ ಒಂದು ಚೆಲ್ಲಿತು. ಏನು ಅಂತ ಈಗ ನೆನಪಿಲ್ಲ. ಕೈ ಮಾತ್ರ ನೆನಪಿದೆ. ಆಮೇಲೆ ಮಗು ಅತ್ತೆ ಅನ್ನುವುದನ್ನು ನಿಲ್ಲಿಸಿತು, ಏನೂ ಅನ್ನದೆ ಅಕ್ಕಪಕ್ಕ ಸುಳಿದಾಡಿತು, ವರ್ಷ ಮುಗಿದದ್ದೇ ಹಾಸ್ಟೆಲಿಗೆ ಹೋಗುತ್ತೇನೆ ಅಂದಿತು. ಮನೆ ಮತ್ತೆ ಮೊದಲಿನ ಹಾಗಾಯಿತು ಅಂತ ಅವಳು ಅಂದುಕೊಂಡಿದ್ದಳು. ಆಗಲಿಲ್ಲ. ಬಂದವಳು ಹೋದರೂ ಮನೆ ಅವಳು ಬಂದು ಹೋದ ಮನೆಯಾಗಿಯೇ ಉಳಿಯಿತು.

ಹುಡುಗಿಯಲ್ಲಿ ಏನೋ ಬದಲಾಗಿದೆ ಅಂತ ಮೊದಲು ಗಮನಿಸಿದ್ದೂ ಅವಳೇ. ಬೇರೆಯವರು ಅದನ್ನು ಕೊಬ್ಬು ಅಂದುಕೊಂಡರು. ಎಡಗಡೆಯಿಂದ ಕರೆದರೆ ತಿರುಗುವುದಿಲ್ಲ, ಹೆಸರು ಬಂದ ಮೇಲೆ ದೊಡ್ಡಸ್ತಿಕೆ ಅಂತ ಎರಡನೆಯ ಸೊಸೆ ಮೂಗು ಮುರಿದಳು. ಊಟಕ್ಕೆ ಕೂತಾಗ ಹುಡುಗಿ ಯಾವಾಗಲೂ ಗೋಡೆ ತನ್ನ ಎಡಕ್ಕೆ ಬರುವಂತೆ ಕೂರುತ್ತಿದ್ದಳು. ಎಡಗೈಯಲ್ಲೇ ಇದ್ದ ಫೋನನ್ನು ತಲೆಯ ಹಿಂದಿನಿಂದ ಬಳಸಿ ಬಲಗಿವಿಗೆ ಹಿಡಿಯುತ್ತಿದ್ದಳು. ಒಂದು ದಿನ ಅತ್ತೆಮ್ಮ ಅವಳ ಎಡ ಹೆಗಲ ಹಿಂದೆ ನಿಂತು ಮೆಲ್ಲಗೆ, ತುಟಿ ಅಲುಗಿತೋ ಇಲ್ಲವೋ ಅನ್ನುವಂತೆ, "ನಿನ್ನ ಹಿಂದೆ ಹಲ್ಲಿ ಇದೆ" ಅಂದಳು. ಹಲ್ಲಿ ಅಂದರೆ ಕಿರುಚಿ ಕುರ್ಚಿ ಹತ್ತುವ ಹುಡುಗಿ ತಟ್ಟೆಯಲ್ಲಿ ಬೆರಳಾಡಿಸುತ್ತಲೇ ಇದ್ದಳು. ಅದಾಗಿ ಮೂರು ವಾರ. ಮೂರು ವಾರ ಅತ್ತೆಮ್ಮ ಪ್ರತಿದಿನ ಹೇಳಬೇಕೆಂದುಕೊಂಡು ಬಂದು, ಹಾಳೆಗಳನ್ನು ಎಣಿಸಿಕೊಂಡು, ಹೇಳದೆ ಮನೆಗೆ ಹೋದಳು.

ಮೇಕಪ್ಪಿನವನು ಹೊರಗೆ ಹೋದ. ಹುಡುಗಿ ತನ್ನ ಹಾಳೆ ಹಿಡಿದು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಕೂರುವ ಮುನ್ನ, ತನ್ನ ಬಲಗಿವಿ ಅತ್ತೆಮ್ಮನ ಕಡೆಗೆ ಬರುವಂತೆ, ಕುರ್ಚಿಯನ್ನು ಎತ್ತಿ ಅವಳ ಎಡಪಕ್ಕಕ್ಕೆ ತಂದುಕೊಂಡಳು. ಅದನ್ನು ನೋಡಿಯೂ ಸುಮ್ಮನಿರುವುದು ಅತ್ತೆಮ್ಮನಿಂದ ಆಗಲಿಲ್ಲ.

"ಎಷ್ಟು ಕೇಳಿಸುತ್ತೆ ಆ ಕಡೆ?"

ಹುಡುಗಿ ಹಾಳೆ ನೋಡುತ್ತಲೇ ಇದ್ದಳು. ಕೇಳಿಸದಿರುವುದು ಬೇರೆ, ಕೇಳಿಸದ ಹಾಗೆ ಇರುವುದು ಬೇರೆ. ನಲವತ್ತು ವರ್ಷದ ಕಸುಬಿನಲ್ಲಿ ಅಷ್ಟಾದರೂ ಗೊತ್ತಾಗುತ್ತದೆ.

"ನಾನು ಬೇಕಂತಲೇ ಹೊಡೆದೆ ಕಣೇ."

"ಗೊತ್ತು" ಅಂದಳು ಹುಡುಗಿ. "ನಿಮ್ಮ ಕಣ್ಣು ನೋಡ್ತಾನೇ ಇದ್ನಲ್ಲ. ನನ್ ಕೆಲಸ ಅದೇ ಅಲ್ವಾ, ಎಲ್ಲರ ಮುಖ ನೋಡೋದು."

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?"

"ಹೇಳಿ? ಒಂದು ದಿನ ಅಯ್ಯೋ ಪಾಪ ಅಂತಾರೆ. ಆಮೇಲೆ ಎದುರಿನೋರ ಮಾತೇ ಕೇಳಿಸ್ದೇ ಇರೋಳನ್ನ ಇಟ್ಕೊಂಡು ಏನ್ಮಾಡೋದು ಅಂತಾರೆ. ಮೂರು ವಾರಕ್ಕೆ ಅಂತ ಬಂದೋಳು ಅತ್ತೆಮ್ಮ ನಾನು. ನನ್ನ ಕಳಿಸೋದು ಏನು ಕಷ್ಟ ಅವರಿಗೆ? ಬಸ್ ಹತ್ತಿಸಿದ್ರೆ ಆಯ್ತು." ನಕ್ಕಳು, ನಗುತ್ತಲೇ ತಲೆಯನ್ನು ಒಂದು ಕಡೆಗೆ ವಾಲಿಸಿದಳು, ಕಿವಿಯೊಳಗೆ ನೀರು ಹೋದವರ ಹಾಗೆ. "ಯಾವಾಗ್ಲೂ ಒಂದು ಸೀಟಿ ಊದ್ತಾ ಇರುತ್ತೆ, ಅಷ್ಟೇ. ಇವತ್ತು ಮಾತ್ರ ಒಂದು ಗೇಣು ದೂರ ನೋಡ್ಕೊಳ್ಳಿ. ನಾನು ಸರಿಯಾಗಿ ತಿರುಗ್ತೀನಿ."

ಮನೆಯ ನಡುಕೋಣೆಯ ಸೆಟ್ಟಿನಲ್ಲಿ ದೀಪಗಳು ಹೊತ್ತಿದ್ದವು. ಬಿಳಿ ಬಳಪದಿಂದ ನೆಲದ ಮೇಲೆ ಎರಡು ಗುರುತು: ಅವಳದೊಂದು, ಹುಡುಗಿಯದೊಂದು. ನಡುವೆ ಎರಡು ಹೆಜ್ಜೆ. ಅವಳು ತನ್ನ ಗುರುತಿನ ಮೇಲೆ ನಿಂತು ಮಾತುಗಳನ್ನೆಲ್ಲ ಹೇಳಿದಳು. ದನಿ ಏರಿತು, ಮೊದಲಿನ ಹಾಗೆಯೇ ತುಂಬಿಕೊಂಡು ಬಂತು, ಕತ್ತಲಲ್ಲಿ ನಿಂತವರು ಉಸಿರು ಹಿಡಿದದ್ದು ಗೊತ್ತಾಯಿತು. ಅದರ ಸುಖ ಅವಳಿಗೆ ಇನ್ನೂ ಇತ್ತು, ಅದಕ್ಕೇ ನಾಚಿಕೆಯಾಯಿತು. ಕೈ ಎತ್ತಿದಳು. ಹುಡುಗಿಯ ಕತ್ತಿನ ನರವೊಂದು ಪಟಪಟ ಹೊಡೆದುಕೊಳ್ಳುತ್ತಿತ್ತು. ಮುಖ ಮೂಗಿಯದು, ಕತ್ತು ಮಾತ್ರ ಅವಳದೇ. ಎತ್ತಿದ ಕೈ ಅಲ್ಲೇ ನಿಂತಿತು. "ಕಟ್" ಅಂದ ನಿರ್ದೇಶಕ. ಎರಡನೆಯ ಸಲವೂ ಅಷ್ಟೆ. ಮೂರನೆಯ ಸಲ ಕೈ ಮೇಲಕ್ಕೇ ಹೋಗಲಿಲ್ಲ.

"ಏನಾಯ್ತು ಅತ್ತೆಮ್ಮ? ಹುಷಾರಿಲ್ವಾ?"

"ನಾನು ಹೊಡೆಯಲ್ಲ."

"ನಿಜವಾಗಿ ಯಾರು ಹೊಡೀರಿ ಅಂದ್ರು? ಹೋದ ಸಲದ ಹಾಗೆ ಮಾಡಿ ಸಾಕು."

"ಹೋದ ಸಲ ನಿಜವಾಗಿಯೇ ಹೊಡೆದಿದ್ದು. ಕೈ ಜಾರಿರಲಿಲ್ಲ. ಇವಳ ಎಡಗಿವಿ ಆವತ್ತಿಂದ ಕೇಳಿಸ್ತಿಲ್ಲ."

ದೀಪದವರು, ಸೊಸೆಯರು, ಗಂಡುಮಕ್ಕಳು ಎಲ್ಲರೂ ಹುಡುಗಿಯ ಕಡೆ ನೋಡಿದರು. ಹುಡುಗಿಯ ಮುಖ ಬಿಳಿಚಿತು. ಆಮೇಲೆ ಅವಳು ಭುಜ ಕುಣಿಸಿ, "ಇಲ್ಲ ಸರ್, ಹಾಗೇನಿಲ್ಲ. ಯಾಕೋ ಅತ್ತೆಮ್ಮ ಹೀಗಂತಿದಾರೆ" ಅಂದಳು. ಮೂಗಿಯ ಪಾತ್ರದಲ್ಲಿ ಒಂದು ದಿನವೂ ತಪ್ಪದವಳು, ಇದನ್ನೂ ತಪ್ಪಿಲ್ಲದೆ ಹೇಳಿದಳು. ಎಲ್ಲರೂ ಅತ್ತೆಮ್ಮನ ಕಡೆ ತಿರುಗಿದರು. ಅವರ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಎರಡನೆಯ ಸೊಸೆ ಪಕ್ಕದವಳ ಕಿವಿಯಲ್ಲಿ, "ಹೊಟ್ಟೆಕಿಚ್ಚಿಗೆ ತಲೆ ಕೆಟ್ಟಿದೆ, ಪಾಪ" ಅಂದದ್ದು ಎಲ್ಲರಿಗೂ ಕೇಳಿಸಿತು, ಒಬ್ಬಳ ಹೊರತು. ಯಾರೋ ಒಂದು ಕುರ್ಚಿ ತಂದಿಟ್ಟರು, ಯಾರೋ ನೀರು ಕೊಟ್ಟರು. ನಿರ್ದೇಶಕ ಪಕ್ಕಕ್ಕೆ ಹೋಗಿ ಬರೆಯುವವನ ಜೊತೆ ಫೋನಿನಲ್ಲಿ ಮಾತಾಡಿದ. ದೂರದಿಂದಲೂ ಮಾತು ಸ್ಪಷ್ಟವಾಗಿ ಬರುತ್ತಿತ್ತು: "ಅತ್ತೆಗೊಬ್ಬ ತಂಗಿ ಇದಾಳೆ ಅಂತ ಮಾಡಿದ್ರೆ? ... ಏಳು ವರ್ಷದಲ್ಲಿ ತಂಗಿ ಇಲ್ಲ ಅಂತ ಎಲ್ಲಾದ್ರೂ ಹೇಳಿದೀವಾ? ... ಹಾಂ, ಅವಳು ಬರಲಿ, ಗಟ್ಟಿಗಿತ್ತಿ. ಹೊಡೆಯೋದು ಬಡಿಯೋದು ಎಲ್ಲ ಅವಳು ನೋಡ್ಕೊಳ್ಳಲಿ. ಇವರನ್ನ ಹಾಸಿಗೆ ಹಿಡಿಸೋಣ." ವಾಪಸು ಬಂದವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಮಗುವಿಗೆ ಹೇಳುವ ಹಾಗೆ, "ನೀವು ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಅತ್ತೆಮ್ಮ" ಅಂದ. ಅವಳು ಲೋಟವನ್ನು ಅವನ ಕೈಗೇ ಕೊಟ್ಟು ಎದ್ದಳು.

ಬಣ್ಣ ಒರೆಸಿಕೊಂಡು ಗೇಟಿನ ಹತ್ತಿರ ಬಂದಾಗ ಇನ್ನೂ ಬಿಸಿಲಿತ್ತು. ಹಿಂದಿನಿಂದ ಚಪ್ಪಲಿಯ ಸದ್ದು ಓಡಿಬಂತು.

"ಯಾಕೆ ಹೇಳಿದ್ರಿ? ಯಾರು ಹೇಳಿ ಅಂದ್ರು ನಿಮಗೆ?" ಹುಡುಗಿ ಅವಳ ದಾರಿಗೆ ಅಡ್ಡ ನಿಂತಳು. "ಹೊಡೆದಿದ್ದೂ ನಿಮ್ಮಿಷ್ಟ, ಹೇಳೋದೂ ನಿಮ್ಮಿಷ್ಟ. ನಡುವೆ ನಾನೊಬ್ಬಳು ಇದೀನಿ ಅಂತ ನಿಮಗೆ ಅನ್ನಿಸ್ಲೇ ಇಲ್ವಾ?"

ಹೇಳಿದ್ದು ಹುಡುಗಿಗಾಗಿಯೋ, ತನ್ನ ಎದೆಯ ಭಾರ ಇಳಿಸಿಕೊಳ್ಳುವುದಕ್ಕೋ ಅಂತ ಅತ್ತೆಮ್ಮ ಬಣ್ಣ ಒರೆಸುವಾಗಿನಿಂದ ಕೇಳಿಕೊಳ್ಳುತ್ತಲೇ ಇದ್ದಳು. "ಅನ್ನಿಸ್ಲಿಲ್ಲ" ಅಂದಳು. ರಸ್ತೆಯ ಕಡೆ ಕೈ ತೋರಿಸಿ, "ಆಸ್ಪತ್ರೆ ರಸ್ತೆ ತುದೀಲಿದೆ. ಆರು ಗಂಟೆವರೆಗೂ ತೆಗೆದಿರುತ್ತೆ. ನಾನು ಅಲ್ಲಿಗೇ ಹೋಗ್ತಿದೀನಿ. ನೀನು ಬಂದ್ರೆ ಬಾ, ಬರದೇ ಇದ್ರೆ ನಾಳೆನೂ ಹೋಗಿ ಕೂತಿರ್ತೀನಿ" ಅಂದಳು. ನಡೆದಳು. ಔಷಧಿ ಅಂಗಡಿ, ಸೈಕಲ್ ಅಂಗಡಿ, ಕಬ್ಬಿಣದ ಬಾಗಿಲೆಳೆದ ಒಂದು ಗೋದಾಮು. ತಿರುಗಿ ನೋಡಲಿಲ್ಲ. ಗೋದಾಮು ದಾಟುವಾಗ ತನ್ನ ಎಡಪಕ್ಕದಲ್ಲಿ ಇನ್ನೊಂದು ನೆರಳು ಬಂದು ಸೇರಿತು. ಹುಡುಗಿ ಬಲಗಿವಿ ಇವಳ ಕಡೆಗಿಟ್ಟುಕೊಂಡು, ಮುಖ ಊದಿಸಿಕೊಂಡು, ಮಾತಾಡದೆ ನಡೆಯುತ್ತಿದ್ದಳು.

ಕಿವಿ ಪರೀಕ್ಷೆ ಮಾಡುವವಳು ಕನ್ನಡಕದ ಚಿಕ್ಕ ವಯಸ್ಸಿನ ಹೆಂಗಸು. ಇಬ್ಬರನ್ನೂ ನೋಡಿದ್ದೇ ಪೆನ್ನು ಕೆಳಗಿಟ್ಟಳು. "ಅಯ್ಯೋ, ಅತ್ತೆಮ್ಮ, ಮೂಗಿ ಇಬ್ಬರೂ! ನಮ್ಮ ಮನೇಲಿ ಎಲ್ಲರೂ ನೋಡ್ತೀವಿ. ಏನು ಏಟು ಕೊಟ್ರಿ ಮೇಡಂ ಆವತ್ತು, ನಮ್ಮಮ್ಮ ಊಟ ಮಾಡಲಿಲ್ಲ." ಆಮೇಲೆ ಕಾಗದ ಎಳೆದುಕೊಂಡು ಹುಡುಗಿಯನ್ನು ಕೇಳಿದಳು: "ಹೇಳಿ, ಏನಾಯ್ತು ಕಿವಿಗೆ? ಹೇಗೆ ಶುರುವಾಯ್ತು?"

ಹುಡುಗಿ ನೆಲ ನೋಡಿದಳು.

"ನಾನು ಹೊಡೆದೆ" ಅಂದಳು ಅತ್ತೆಮ್ಮ.

ಹೆಂಗಸು ಜೋರಾಗಿ ನಕ್ಕಳು. "ಚೆನ್ನಾಗಿದೆ ಮೇಡಂ! ನಿಜವಾಗಿ ಹೇಳಿ."

"ನಿಜವಾಗಿಯೇ. ಎರಡು ತಿಂಗಳಾಯ್ತು. ಅಂಗೈಯಿಂದ, ಪೂರ್ತಿ ಜೋರಿನಿಂದ. ಬರ್ಕೊಳ್ಳಿ."

ನಗು ಅರ್ಧಕ್ಕೆ ನಿಂತಿತು. ಹೆಂಗಸು ಹುಡುಗಿಯ ಮುಖ ನೋಡಿದಳು. ಹುಡುಗಿ ಎಡಗಿವಿಯ ಮೇಲಿನ ಕೂದಲು ಸರಿಸಿ, "ಹೌದು" ಅಂದಳು. ಪೆನ್ನು ಕಾಗದದ ಮೇಲೆ ನಿಧಾನವಾಗಿ ಓಡಿತು.

ಗಾಜಿನ ಸಣ್ಣ ಕೋಣೆಯೊಳಗೆ ಹುಡುಗಿಯನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಬೇಕು ಅಂತ ಹೇಳಿ ಬಾಗಿಲು ಮುಚ್ಚಿದರು. ಬಲಗಿವಿಗೆ ಕೈ ಚಕಚಕ ಮೇಲೇರಿತು, ತರಗತಿಯಲ್ಲಿ ಉತ್ತರ ಗೊತ್ತಿರುವ ಮಗುವಿನ ಹಾಗೆ. ಆಮೇಲೆ ಎಡಗಿವಿ. ಹೆಂಗಸು ಸದ್ದು ಏರಿಸುವ ಗುಂಡಿ ತಿರುಗಿಸಿದಳು. ಕೈ ಮಡಿಲಲ್ಲೇ ಇತ್ತು. ಇಪ್ಪತ್ತು, ಮೂವತ್ತು, ನಲವತ್ತು ಅಂತ ಅಂಕಿಗಳು ಏರಿದವು. ಕೈ ಮಡಿಲಲ್ಲೇ ಇತ್ತು. ಹುಡುಗಿ ಹುಬ್ಬು ಗಂಟಿಕ್ಕಿ, ಉಸಿರು ಬಿಗಿಹಿಡಿದು, ಇಡೀ ಮೈಯನ್ನೇ ಕಿವಿ ಮಾಡಿಕೊಂಡು ಕೂತಿದ್ದಳು. ಐವತ್ತರಲ್ಲಿ ಬೆರಳೊಂದು ಅಲುಗಿತು, ಕೈ ಅರ್ಧ ಎದ್ದು ಗಾಳಿಯಲ್ಲಿ ತಡವರಿಸಿತು. ಹುಡುಗಿ ಗಾಜಿನಾಚೆಯಿಂದ ನೇರವಾಗಿ ಅತ್ತೆಮ್ಮನ ಮುಖವನ್ನೇ ನೋಡಿದಳು, ಇದು ಸದ್ದೇ ತಾನೇ, ನಾನು ಎತ್ತಿದ್ದು ಸರಿಯೇ ಅಂತ. ಅತ್ತೆಮ್ಮನ ತಲೆ ತಾನಾಗಿ ಹೌದೆಂದು ಅಲ್ಲಾಡತೊಡಗಿತು.

"ನೀವು ಸನ್ನೆ ಮಾಡಬಾರದು ಮೇಡಂ" ಅಂದಳು ಹೆಂಗಸು ಮೆಲ್ಲಗೆ. "ಎಷ್ಟು ಹೋಗಿದೆ ಅಂತ ಸರಿಯಾಗಿ ಗೊತ್ತಾಗಬೇಕು."

ಅತ್ತೆಮ್ಮ ಎದ್ದು, ಕುರ್ಚಿಯನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತಳು. ಬೆನ್ನ ಹಿಂದೆ ಗುಂಡಿ ಟಕ್ಕೆಂದು ಇನ್ನೊಂದು ಅಂಕಿಗೆ ಏರಿತು.